ನಕ್ಷೆಯ ಮೇಲಿನ ಹುಣಸೆ ಬೀಜ

ನಮ್ಮ ಮನೆಯ ಎಡಮಗ್ಗುಲಿಗೆ ಒಂದು ಖಾಲಿ ಜಾಗವಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾವು ವಿದ್ಯಾನಗರದಾಚೆ ಮನೆ ಕಟ್ಟಿಸಿಕೊಂಡು ಬಂದಾಗ, ಎದುರಿನ ಒಂದು ಮನೆ ಬಿಟ್ಟರೆ, ಸುತ್ತಲಿನ ಪ್ಲಾಟುಗಳೆಲ್ಲ ಖಾಲಿಯೇ. ಕರಿ ಮಣ್ಣು, ಜಾಲಿ ಕಂಟಿ, ಅಲ್ಲೊಂದು ಇಲ್ಲೊಂದು ಸುಣ್ಣ ಬಳಿದ ಕಲ್ಲು. ಐದಾರು ವರ್ಷದಲ್ಲಿ ಪ್ಲಾಟುಗಳ ಮೇಲೆಲ್ಲ ಮನೆ ಎದ್ದವು, ಮನೆ ಸುತ್ತ ಕಂಪೌಂಡು, ಕಂಪೌಂಡಿನ ಮೇಲೆ ಗಾಜಿನ ಚೂರು. ಎಲ್ಲರ ಬಳಕೆಗೆಂದು ಬಿಟ್ಟಿದ್ದ ಆ ಒಂದು ತುಂಡು ಮಾತ್ರ ಉಳಿಯಿತು.

ಅದರಾಚೆ ಒಂದು ಓಣಿ. ತಗಡಿನ ಮನೆಗಳು, ಒಂದಕ್ಕೊಂದು ಭುಜ ತಾಗಿಸಿ ಕೂತ ಹಾಗೆ. ಹಳ್ಳಿಗಳಿಂದ ಬಂದ ಮಂದಿ. ಗಂಡಸರು ತಾರಿಹಾಳದ ಕಾರ್ಖಾನೆಗಳಿಗೆ, ಹೆಂಗಸರು ನಮ್ಮಂಥವರ ಮನೆಗಳಿಗೆ ಕೆಲಸಕ್ಕೆ. ಓಣಿ ನಮಗಿಂತ ಮೊದಲಿನದು. ಆದರೆ ಮಾತಿನಲ್ಲಿ ಎಲ್ಲರೂ ಅದನ್ನು ‘ಹಿಂದಿನ ಓಣಿ’ ಅನ್ನುತ್ತಿದ್ದೆವು, ನಮ್ಮ ಮನೆಗಳೇ ಮುಂದೆ ಹುಟ್ಟಿದವೇನೋ ಅನ್ನುವಂತೆ.

ನಮ್ಮಲ್ಲಿ ಭಾಂಡೆ ತಿಕ್ಕಲು, ಅರಿಬಿ ಒಗೆಯಲು ಬರುತ್ತಿದ್ದಾಕೆ ಆ ಓಣಿಯವಳು. ಗಂಡ ತೀರಿಹೋಗಿ ನಾಲ್ಕು ವರ್ಷವಾಗಿತ್ತು, ಒಬ್ಬಳು ಮಗಳು. ಕೆಲಸ ಮುಗಿದ ಮೇಲೆ ನಾನು ಕೊಟ್ಟ ಚಹಾದಲ್ಲಿ ಅರ್ಧ ಮಾತ್ರ ಕುಡಿದು ಉಳಿದದ್ದನ್ನು ಮೆಲ್ಲಗೆ ಬಚ್ಚಲಿಗೆ ಚೆಲ್ಲುವುದನ್ನು ಬಹಳ ದಿನ ನೋಡಿದೆ. ಸಕ್ಕರೆ ಹೆಚ್ಚಾಯಿತೇನೋ, ನನ್ನ ಚಹಾ ಸೇರದೇನೋ ಅಂದುಕೊಂಡೆ. ಬಿರುಬೇಸಿಗೆಯಲ್ಲೂ ನೀರು ಕೊಟ್ಟರೆ ಎರಡೇ ಗುಟುಕು. ಒಂದು ದಿನ ಕೇಳಿಯೇ ಬಿಟ್ಟೆ.

“ಅಕ್ಕಾರ, ಕುಡದ್ರ ಹೋಗಬೇಕಲ್ರಿ. ಎಲ್ಲಿಗಿ ಹೋಗೂದು?” ಅಂದು ನಕ್ಕಳು. “ಮೊದಲ ಬಯಲಿತ್ತು. ಈಗ ನೀವದೀರಿ.”

ಅದರಲ್ಲಿ ಸಿಟ್ಟಿರಲಿಲ್ಲ. ಮೊದಲು ಬಿಸಿಲಿತ್ತು, ಈಗ ಮೋಡ ಬಂತು ಅಂದ ಹಾಗೆ ಹೇಳಿ ಕೊಡಪಾನ ಬೋರಲು ಹಾಕಿ ಹೋದಳು. ಓಣಿಯ ಹೆಂಗಸರಿಗೆ ಉಳಿದದ್ದು ಆ ಖಾಲಿ ತುಂಡು, ಅದೂ ನಸುಕು ಹರಿಯುವ ಮೊದಲು ಮತ್ತು ಕತ್ತಲಾದ ಮೇಲೆ. ಹಗಲು ಅವರು ಬಾಯಿ ಒಣಗಿಸಿಕೊಂಡು ಇರುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷಕ್ಕೆ, ಒಂದು ಸಂಸ್ಥೆಯಿಂದ ಒಬ್ಬ ಹುಡುಗಿ ನಮ್ಮ ಕಾಲನಿಗೆ ಬಂದಳು. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆ ಚೀಲ, ಮೈಸೂರು ಕಡೆಯ ಮಾತು. ವಾರ್ಡಿಗೆ ಬರುವ ದುಡ್ಡಿನಲ್ಲಿ ಒಂದು ಪಾಲನ್ನು ಎಲ್ಲಿ ಹಾಕಬೇಕು ಅನ್ನುವುದನ್ನು ಈ ಸಲ ಅಲ್ಲಿರುವ ಹೆಂಗಸರೇ ಹೇಳಬೇಕು, ಕಾರ್ಪೊರೇಶನ್ನಿನ ಮೆಂಬರರೂ ಒಪ್ಪಿದ್ದಾರೆ, ಅಂದಳು.

“ನಾವು ಹೇಳಿದ್ದನ್ನ ಯಾರು ಕೇಳ್ತಾರವ್ವಾ? ನಮ್ಮನ್ಯಾಗ ಪಲ್ಯ ಯಾವುದು ಮಾಡಬೇಕಂತ ಸೈತ ನನ್ನ ಕೇಳೂದಿಲ್ಲ,” ಅಂದರು ಎದುರು ಮನೆಯ ಹಿರಿಯಾಕೆ, ನಮಗೆಲ್ಲ ‘ಕಾಕು’. ಎಲ್ಲರೂ ನಕ್ಕೆವು.

ಕಾಕು ನಮ್ಮ ಮಹಿಳಾ ಮಂಡಳದ ಅಧ್ಯಕ್ಷರು. ನನಗೆ ಅದಕ್ಕಿಂತ ಹೆಚ್ಚು. ನಾನು ಕಾನ್ವೆಂಟಿನಲ್ಲಿ ಓದಿದವಳು, ಮದುವೆಯಾದ ಹೊಸತರಲ್ಲೇ ಈ ಮನೆಗೆ ಬಂದಾಗ ರೊಟ್ಟಿ ಬಡಿಯಲು ಬಾರದು. ನನ್ನ ರೊಟ್ಟಿ ನೋಡಿ ಅತ್ತೆ ಮುಖ ತಿರುವಿದಾಗ ಕಾಕು ನನ್ನನ್ನು ತಮ್ಮ ಒಲೆಯ ಮುಂದೆ ಕೂಡಿಸಿಕೊಂಡು, ನೀರು ಎಷ್ಟು ಕುದಿಯಬೇಕು, ಹಿಟ್ಟು ಎಷ್ಟು ನಾದಬೇಕು ಅಂತ ಹದಿನೈದು ದಿನ ಕಲಿಸಿದರು. “ಏ ಕಾನ್ವೆಂಟ್, ನಿಮ್ಮ ಸಿಸ್ಟರ್‌ಗೋಳು ಎಲ್ಲಾ ಕಲಿಸ್ಯಾರ, ಹೊಟ್ಟಿಗಿ ಬೇಕಾದ್ದೊಂದು ಬಿಟ್ಟು,” ಅನ್ನುವರು. ನನ್ನ ಎರಡೂ ಬಾಣಂತನಗಳಲ್ಲಿ ಅಜವಾನದ ಕಷಾಯ ಕಾಸಿ ತಂದವರು ಅವರೇ. ಅವರ ಮೇಲೆ ನನಗೆ ಅನುಮಾನ ಅನ್ನುವುದು ಯಾವತ್ತೂ ಬಂದದ್ದಿಲ್ಲ.

ಓಣಿಯ ಹೆಂಗಸರನ್ನು ಸಭೆಗೆ ಕರೆತರುವ ಕೆಲಸ ನಾನಾಗಿ ವಹಿಸಿಕೊಂಡೆ. ಕೆಲಸದವಳ ಜೊತೆ ಮೊದಲ ಸಲ ಆ ಓಣಿಯೊಳಗೆ ಹೋದೆ. ಅಷ್ಟು ವರ್ಷ ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ತಗಡು ಕಾಣುತ್ತಿತ್ತು, ಬಾಗಿಲು ಕಂಡದ್ದು ಅಂದೇ. ಪ್ರತಿ ಹೊಸ್ತಿಲ ಮುಂದೆ ಸಗಣಿ ಸಾರಿಸಿದ ಒಂದು ಮೊಳ ಅಗಲದ ಪಟ್ಟಿ, ಅದರ ಮೇಲೆ ಎಳೆ ರಂಗೋಲಿ.

ನಾನು ಪಾಯಖಾನೆಯ ವಿಷಯ ಹೇಳುತ್ತಲೇ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು.

“ಏ ಯವ್ವಾ, ಅದನ್ನೂ ಮೀಟಿಂಗಿನ್ಯಾಗ ಮಾತಾಡ್ತಾರನ?” ಅಂದಳು ಒಬ್ಬ ಮುದುಕಿ. “ನನ್ನ ಗಂಡನ ಮುಂದ ಸೈತ ನಾ ಅದರ ಸುದ್ದಿ ತಗದಿಲ್ಲ.”

“ನಿನ್ನ ಗಂಡಗ ಕಿವಿ ಎಲ್ಲೈತಿ ಬಿಡು ಆಯಿ, ತಗದಿದ್ರೂ ನಡೀತಿತ್ತು,” ಅಂದಳು ಇನ್ನೊಬ್ಬಳು.

“ಗಂಡಸರು ಇರ್ತಾರನ್ರಿ ಅಲ್ಲಿ?”

“ಇಲ್ಲ, ಬರೇ ಹೆಂಗಸರು.”

“ನೀವಿರ್ತೀರಿಲ್ರಿ?”

“ನಾ ಇರ್ತೇನಿ,” ಅಂದೆ. ಆ ಮಾತು ಹೇಳುವಾಗ ನನಗೊಂದು ಹೆಮ್ಮೆಯೇ ಆಯಿತು. ನಮ್ಮ ಶಾಲೆಯಲ್ಲಿ ಕ್ಲಾಸ್ ಲೀಡರನ್ನು ಆರಿಸುವಾಗ ಕೈ ಎತ್ತಿಸಿ, ಸಿಸ್ಟರ್ ಎರಡು ಸಲ ಎಣಿಸಿ, ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬರೆದ ಮೇಲೆ ಮುಗಿಯಿತು. ಯಾರ ಅಪ್ಪ ಬಂದರೂ ಅಳಿಸುತ್ತಿರಲಿಲ್ಲ. ಲೋಕವೂ ಹಾಗೇ ಇದೆ ಅಂತ ನಾನು ಮಕ್ಕಳಾದ ಮೇಲೂ ನಂಬಿಕೊಂಡಿದ್ದೆ.

ಸಭೆ ಕಾಕು ಅವರ ಪಡಸಾಲೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ. ಓಣಿಯವರು ಚಪ್ಪಲಿಗಳನ್ನು ಗೇಟಿನ ಹೊರಗೇ ಬಿಟ್ಟು ಬಂದರು. ನಮ್ಮವು ಮೆಟ್ಟಿಲ ಮೇಲಿದ್ದವು. ಜಮಖಾನೆ ಹಾಸಿತ್ತು, ಆದರೂ ಅವರು ಅದರ ಅಂಚು ಮುಟ್ಟದೆ ಬಾಗಿಲ ಹತ್ತಿರ ಬರೀ ನೆಲದ ಮೇಲೆ ಕೂತರು.

ಹುಡುಗಿ ನಾಲ್ಕು ಹಾಳೆ ಅಂಟಿಸಿ ಮಾಡಿದ ದೊಡ್ಡ ನಕ್ಷೆಯನ್ನು ನಡುವೆ ಹರವಿದಳು. ನಮ್ಮ ಮನೆ ಒಂದು ಪುಟ್ಟ ಚೌಕ, ಪಕ್ಕದಲ್ಲಿ ಖಾಲಿ ಜಾಗ. ಆ ಜಾಗದಲ್ಲಿ ಎರಡು ಚಿತ್ರ ಬರೆದಿದ್ದಳು. ಒಂದು ಗಿಡ, ಒಂದು ಕೊಡ. ಗಿಡವೆಂದರೆ ಗಾರ್ಡನ್. ಕೊಡವೆಂದರೆ ಹೆಂಗಸರಿಗೆ ನೀರಿನ ಸೌಕರ್ಯದ ಪಾಯಖಾನೆ, ಬಚ್ಚಲು. ಜಾಗ ಒಂದೇ, ಎರಡರಲ್ಲಿ ಒಂದೇ ಆಗುವುದು. ಯಾರಿಗೆ ಯಾವುದು ಬೇಕೋ ಅದರ ಮೇಲೆ ಒಂದೊಂದು ಗುರುತು ಇಡಬೇಕು. “ಈ ನಕ್ಷೆನೇ ನಾಳೆ ಮೆಂಬರ್ ಕೈಗೆ ಹೋಗತ್ತೆ. ಇದೇ ನಿಮ್ಮ ಠರಾವು ಅಂದ್ಕೊಳ್ಳಿ,” ಅಂದಳು. ಗುರುತಿಗೆ ಅವಳು ತಂದಿದ್ದ ಬಣ್ಣದ ಚುಕ್ಕಿಗಳು ಹಿಂದಿನ ಸಭೆಯಲ್ಲೇ ಮುಗಿದುಹೋಗಿದ್ದವು.

ಆಗ ನಾನು ಜಾಣತನ ಮಾಡಿದೆ. ಓಡಿಹೋಗಿ ನನ್ನ ಕನ್ನಡಿಯ ಹತ್ತಿರವಿದ್ದ ಟಿಕಳಿ ಪಾಕೀಟುಗಳನ್ನು ತಂದೆ. ಹಣೆಗೆ ಅಂಟಿಸುವ ಕೆಂಪು ಟಿಕಳಿ, ಬೇಕಾದಷ್ಟಿದ್ದವು. ಎಲ್ಲರ ಕೈಗೂ ಒಂದೊಂದು ಕೊಡುತ್ತ ಬಾಗಿಲ ತನಕ ಹೋದೆ. ಕೆಲಸದವಳು ಕೈ ಹಿಂದಕ್ಕೆ ಎಳೆದುಕೊಂಡಳು. ಅವಳ ಪಕ್ಕದ ಇಬ್ಬರೂ ಎಳೆದುಕೊಂಡರು. ನನಗೆ ತಿಳಿಯಲು ಒಂದು ಗಳಿಗೆ ಹಿಡಿಯಿತು. ಅವರು ಮೂವರೂ ಗಂಡನನ್ನು ಕಳೆದುಕೊಂಡವರು. ಟಿಕಳಿ ಮುಟ್ಟಬಾರದ ಕೈಗಳಿಗೆ ನಾನು ಎಲ್ಲರೆದುರು ಟಿಕಳಿ ಚಾಚಿದ್ದೆ.

“ಅವರ ಕೈಲೆ ಅದನ್ನ ಹಚ್ಚಸಬ್ಯಾಡ ತಂಗಿ,” ಅಂದರು ಕಾಕು ಮೆಲ್ಲಗೆ. ಒಳಗೆ ಹೋಗಿ ಒಂದು ಬುಟ್ಟಿ ತಂದಿಟ್ಟರು. ಹೊಸ ಹುಣಸೆಹಣ್ಣಿನ ದಿನಗಳು, ಆ ವಾರವೆಲ್ಲ ಅವರ ಹಿತ್ತಲಲ್ಲಿ ಹಣ್ಣು ಬಿಡಿಸುವ ಕೆಲಸ ನಡೆದಿತ್ತು. ಬುಟ್ಟಿ ತುಂಬ ಹೊಳೆಯುವ ಬೀಜ. “ಒಂದೊಂದು ಬೀಜ ಇಡ್ರಿ. ಗುರುತ ಅಂದ್ರ ಗುರುತ.”

ಕೆಲಸದವಳು ಒಂದು ಬೀಜ ತೆಗೆದುಕೊಂಡಳು. ಆಗ ಓಣಿಯ ಒಬ್ಬ ಹರೆಯದ ಹೆಂಗಸು, ಕೊರಳಲ್ಲಿ ತಾಳಿ ಇದ್ದವಳು, ತನ್ನ ಬೆರಳ ಮೇಲಿನ ಟಿಕಳಿಯನ್ನು ಪಾಕೀಟಿಗೆ ತಿರುಗಿ ಅಂಟಿಸಿ, “ನನಗೂ ಬೀಜನ ಇರ್ಲಿರಿ. ಆಕಿಗಿಲ್ಲದ್ದು ನನಗ್ಯಾಕ?” ಅಂದಳು. ಓಣಿಯ ಉಳಿದವರೂ ಒಬ್ಬೊಬ್ಬರಾಗಿ ಬುಟ್ಟಿಗೆ ಕೈ ಹಾಕಿದರು. ಕಾಲನಿಯವರ ಬೆರಳ ಮೇಲೆ ಟಿಕಳಿಗಳೇ ಉಳಿದವು. ನನ್ನ ಕಣ್ಣು ತುಂಬಿದ್ದು ನೆನಪಿದೆ.

ಗುರುತಿಡುವ ಮೊದಲು ಯಾರಾದರೂ ಮಾತಾಡಿ ಅಂದಳು ಹುಡುಗಿ. ಕಾಕು ಗಾರ್ಡನ್ ಪರವಾಗಿ ಮಾತಾಡಿದರು. ಡಾಕ್ಟರು ದಿನಾ ಅಡ್ಡಾಡಿರಿ ಅಂದಾರ, ರಸ್ತೆಯಲ್ಲಿ ಲಾರಿ, ನಾಯಿ, ಮುದುಕರು ಎಲ್ಲಿ ಕೂಡಬೇಕು ಅಂದರು. ಅದೂ ಖರೆಯೇ. ಆಮೇಲೆ ಓಣಿಯವರ ಸರದಿ. ಕೆಲಸದವಳು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಎದ್ದಳು.

“ನಾವು ಕೂತಾಗ ಯಾರರ ಬಂದ್ರ ಏಳತೀವ್ರಿ. ಅವರು ಹ್ವಾದ್ರ ಮತ್ತ ಕೂಡತೀವಿ. ಗಾಡಿ ಬೆಳಕ ಬಿದ್ರ ಮತ್ತ ಏಳತೀವಿ. ನನಗೇನ್ ರೂಢಿ ಆಗೇತಿ. ನನ್ನ ಮಗಳು ಈಗ ದೊಡ್ಡಾಕಿ ಆಗ್ಯಾಳ. ಸಾಲಿಗಿ ಹೋಗೂ ದಿನಾ ಮುಂಜಾನಿಂದ ಹನಿ ನೀರ ಕುಡಿಯೂದಿಲ್ಲ. ಹೊಟ್ಟಿ ಹಿಡಕೊಂಡು ಬರ್ತಾಳ. ಆಕೀಗಾಗಿ ಕೇಳಾಕತ್ತೇನ್ರಿ.”

ಅಷ್ಟೇ ಹೇಳಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ನಮ್ಮ ಕಡೆಯವರು ಕೆಲವರು ನೆಲ ನೋಡುತ್ತಿದ್ದರು. ಆಮೇಲೆ ಎಲ್ಲರೂ ಗುರುತಿಟ್ಟರು. ನಾನು ನನ್ನದನ್ನು ಕೊಡದ ಚಿತ್ರದ ಮೇಲೆ ಇಟ್ಟೆ. ನಾನೂ ಬೀಜವನ್ನೇ ತೆಗೆದುಕೊಂಡಿದ್ದೆ. ಹುಡುಗಿ ಎರಡು ಸಲ ಎಣಿಸಿದಳು. ಗಿಡಕ್ಕಿಂತ ಕೊಡಕ್ಕೆ ಹೆಚ್ಚು. ಮೊದಲು ಚಪ್ಪಾಳೆ ತಟ್ಟಿದವರು ಕಾಕುವೇ. ಎಲ್ಲರಿಗೂ ಚುರುಮುರಿ, ಚಹಾ. ಆ ದಿನ ಕೆಲಸದವಳು ಕಪ್ಪಿನ ಚಹಾವನ್ನೆಲ್ಲ ಕುಡಿದಳು.

ಹುಡುಗಿಗೆ ಧಾರವಾಡದ ಬಸ್ಸಿಗೆ ಹೊತ್ತಾಗಿತ್ತು. ನಕ್ಷೆಯನ್ನು ಮೆಂಬರರ ಮನೆಗೆ ಕಳಿಸುವ ಜವಾಬ್ದಾರಿ ಅಧ್ಯಕ್ಷರದೆಂದು ಕಾಕು ಕೈಗೆ ಒಪ್ಪಿಸಿ ಹೋದಳು. ನನ್ನ ಮಕ್ಕಳು ಶಾಲೆಯಿಂದ ಬರುವ ಹೊತ್ತು, ನಾನೂ ಎದ್ದೆ. ನಕ್ಷೆ ಇನ್ನೂ ನೆಲದ ಮೇಲೆ ಬೀಜಗಳನ್ನು ಹೊತ್ತು ಹರವಿಕೊಂಡೇ ಇತ್ತು.

ಮರುದಿನ ಬೆಳಿಗ್ಗೆ ಹಾಲಿನ ಪಾತ್ರೆ ಹಿಡಿದು ಗೇಟಿಗೆ ಬಂದಾಗ ಕಾಕು ಅವರ ಮೆಟ್ಟಿಲ ಬದಿಗೆ, ಕಸಬರಿಗೆ ಆನಿಸಿ ನಿಲ್ಲಿಸಿದ ಕಡೆ, ಏಳೆಂಟು ಹುಣಸೆ ಬೀಜ ಬಿದ್ದಿದ್ದು ಕಂಡೆ. ನನಗೆ ಇಂಥವೆಲ್ಲ ಕಾಣುತ್ತವೆ. ಆದರೆ ಕಂಡದ್ದನ್ನು ಕೇಳುವ ಅಭ್ಯಾಸವಿಲ್ಲ. ಎಣಿಸಿ ಬರೆದುಕೊಂಡು ಚೆಲ್ಲಿರಬೇಕು ಅಂದುಕೊಂಡು ಹಾಲು ಕಾಸಲು ಒಳಗೆ ಹೋದೆ.

ಮಳೆಗಾಲ ಕಳೆದು, ದಸರೆಯ ಹಿಂದೆ ಮುಂದೆ, ಖಾಲಿ ಜಾಗದಲ್ಲಿ ಗೂಟ ಹೊಡೆದರು. ಕೆಲಸದವಳು ದಿನಾ ಕೈ ತೊಳೆಯುತ್ತ, “ಚಾಲೂ ಆತ್ರಿ ಅಕ್ಕಾರ,” ಅನ್ನುವಳು. ಬಾಗಿಲು ಓಣಿಯ ಕಡೆಗೆ ಇಡುತ್ತಾರೋ ರಸ್ತೆಯ ಕಡೆಗೋ ಅಂತ ಕೇಳುವಳು. ಓಣಿಯ ಕಡೆಗೇ ಇಡಲು ಹೇಳುತ್ತೇನೆ ಅಂದಿದ್ದೆ.

ಭೂಮಿಪೂಜೆಯ ದಿನ ಸಣ್ಣ ಪೆಂಡಾಲು ಹಾಕಿದರು. ಕಾಕು ನನ್ನ ಕೈಗೆ ಆರತಿ ತಟ್ಟೆ ಕೊಟ್ಟರು. ಓಣಿಯ ಹೆಂಗಸರು ಇದ್ದುದರಲ್ಲಿ ಛಲೋ ಸೀರೆಯುಟ್ಟು ಆಚೆ ಬದಿಗೆ ಗುಂಪಾಗಿ ನಿಂತಿದ್ದರು, ಕೆಲಸದವಳ ಮಗಳು ಶಾಲೆ ಬಿಟ್ಟು ಬಂದಿದ್ದಳು. ಮೆಂಬರರು ತೆಂಗಿನಕಾಯಿ ಒಡೆದು ಮಾತಾಡಿದರು. “ಇದು ನನ್ನ ತೀರ್ಮಾನ ಅಲ್ರಿ. ಈ ವಾರ್ಡಿನ ತಾಯಂದಿರ ತೀರ್ಮಾನ. ನೋಡ್ರಿ, ಅವರೇ ಗುರುತು ಹಚ್ಚಿಕೊಟ್ಟಾರ,” ಅಂದು ಪೆಂಡಾಲಿನ ಬಟ್ಟೆಗೆ ಸಿಕ್ಕಿಸಿದ್ದ ಹಾಳೆ ತೋರಿಸಿದರು. “ಸುಂದರವಾದ ಗಾರ್ಡನ್ ಆಗತೈತಿ.”

ನಮ್ಮ ನಕ್ಷೆಯೇ ಅದು. ಗಿಡದ ಸುತ್ತ ಕೆಂಪು ಟಿಕಳಿಗಳು ಗಟ್ಟಿಯಾಗಿ ಅಂಟಿಕೊಂಡಿದ್ದವು. ಕೊಡದ ಮೇಲೆ ಏನೂ ಇರಲಿಲ್ಲ. ಬೀಜ ಇಟ್ಟದ್ದಕ್ಕೆ ಒಂದು ಕಲೆಯೂ ಇಲ್ಲ.

ನಾನು ಆರತಿ ತಟ್ಟೆ ಹಿಡಿದು ನಿಂತೇ ಇದ್ದೆ. ತಟ್ಟೆ ವಾಲಿ ಬತ್ತಿಯ ಎಣ್ಣೆ ಬೆರಳಿಗೆ ಸುರಿಯಿತು. ಆಚೆ ಗುಂಪಿನಲ್ಲಿ ಕೆಲಸದವಳು ನಕ್ಷೆಯನ್ನು ನೋಡಲಿಲ್ಲ, ಮೆಂಬರರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ದಿನ ಸಭೆಯಲ್ಲಿ ಏಳುವ ಮೊದಲು ನೋಡಿದ ಹಾಗೆಯೇ. ಮೆಂಬರರು ಹಣೆ ಮುಂದೆ ಮಾಡಿದರು. ಕಾಕು ನನ್ನ ಮೊಣಕೈ ತಿವಿದರು. ನಾನು ಆರತಿ ಬೆಳಗಿದೆ. ತಿರುಗಿ ನೋಡುವಷ್ಟರಲ್ಲಿ ಓಣಿಯವರು ಒಬ್ಬರೂ ಇರಲಿಲ್ಲ.

ಸಂಜೆ ಕಾಕು ಮನೆಗೆ ಹೋದೆ. ಅವರು ದೇವರ ಸಾಮಾನು ತೊಳೆಯುತ್ತಿದ್ದರು.

“ಕಾಕು, ಬೀಜ ಎಲ್ಲಿ ಹೋದವ್ರಿ?”

“ಬೀಜ ಅಂದ್ರ ಉದರೂವ ತಂಗಿ. ಹಾಳಿ ಸುತ್ತಿದೆ, ಉದರಿದ್ವು. ಟಿಕಳಿ ಹತ್ತಿಕೊಂಡಿದ್ವು, ಉಳದ್ವು.”

“ಬರೀಬೇಕಿತ್ತಲ್ರಿ ಎಷ್ಟಿದ್ವು ಅಂತ.”

“ಯಾರು ಬರೀಬೇಕು? ಮುತ್ತಿನಂಥಾ ಅಕ್ಷರ ನಿಂದು, ನೀ ಬರದೆ?”

ನಾನು ಬರೆದಿರಲಿಲ್ಲ. ಚಪ್ಪಾಳೆ ತಟ್ಟಿ ಚುರುಮುರಿ ತಿಂದು ಎದ್ದು ಬಂದಿದ್ದೆ. ಎಣಿಸಿದ ಹುಡುಗಿಗೆ ಪತ್ರ ಬರೆಯಬೇಕೆಂದರೆ ಅವಳ ಕೆಲಸ ಮುಗಿದು ಯಾವುದೋ ಊರಿಗೆ ಹೋಗಿ ಆಗಿತ್ತು.

“ನೀವು ಬೇಕಂತಲೇ ಮಾಡಿದ್ರಿ,” ಅಂದೆ. ಅವರಿಗೆ ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ನನ್ನ ದನಿ ನನಗೇ ಅಳುಬುರುಕಿಯ ಹಾಗೆ ಕೇಳಿಸಿತು.

ಕಾಕು ಪಂಚಪಾಳ ಬದಿಗಿಟ್ಟು ಸೆರಗಿಗೆ ಕೈ ಒರೆಸಿದರು. “ನಾ ಒಬ್ಬಾಕಿ ಏನೂ ಮಾಡಿಲ್ಲ ನನ್ನವ್ವಾ. ಅವತ್ತ ಸಂಜೀಕ ನಿಮ್ಮ ಮನಿಯವರು ಇದ ಪಡಸಾಲ್ಯಾಗ ಬಂದು ಕೂತಿದ್ರು. ನಕ್ಷಾ ಹಿಂಗ ನೆಲದ ಮ್ಯಾಲ ಇತ್ತು. ‘ಕಾಕು, ಆಕಿಗಿ ತಿಳಿಯೂದಿಲ್ರಿ, ಕರುಳು ಬಾಳ ಮೆತ್ತಗ. ಮನಿ ಗ್ವಾಡಿಗಿ ಹತ್ತಿ ಸಾರ್ವಜನಿಕ ಪಾಯಖಾನಿ ಬಂದ್ರ ನಾವು ಇರೂದು ಹೆಂಗ, ನೀವ ಏನರ ಮಾಡ್ರಿ’ ಅಂದ್ರು. ಅವರ ಎದ್ದು ಒಂದು ತುದಿ ಹಿಡದ್ರು, ನಾ ಒಂದು ತುದಿ ಹಿಡದೆ. ಸುತ್ತಿದ್ವಿ.”

ಕಾಕು ಸುಳ್ಳು ಹೇಳುತ್ತಿಲ್ಲ ಅನ್ನುವುದು ಅವರ ಮಾತಿನಲ್ಲೇ ಗೊತ್ತಾಯಿತು. ‘ಕರುಳು ಮೆತ್ತಗೆ’ ಅನ್ನುವುದು ನನ್ನವರ ಮಾತೇ. ಮದುವೆಯಾದಾಗಿನಿಂದ ಅದನ್ನು ಹೊಗಳಿಕೆ ಅಂತ ಕೇಳಿಕೊಂಡು ಬಂದವಳು ನಾನು.

ಮನೆಗೆ ಬಂದು ಕೇಳಿದಾಗ ಅವರು ಪೇಪರಿನಿಂದ ಕಣ್ಣೆತ್ತಿ ಇಲ್ಲ ಅನ್ನಲಿಲ್ಲ. “ನಿನ್ನ ಮನಸ್ಸು ನೋಯಬಾರದಂತ ನಿನಗ ಹೇಳಲಿಲ್ಲ,” ಅಂದರು.

“ಅವರಿಗೆ ನಾ ಮಾತು ಕೊಟ್ಟಿದ್ದೆ.”

“ನೀ ಕೊಟ್ಟಿದ್ದಿ. ಮನಿ ಇಬ್ಬರದು. ವಾಸನಿ ಬರೂದು ಯಾರ ಅಡಗೀಮನಿ ಕಿಟಕ್ಯಾಗ? ನಿಂದ. ನಿನ್ನ ಸಲುವಾಗೇ ಮಾಡೇನಿ.” ಆಮೇಲೆ ಬಹಳ ಮೃದುವಾಗಿ, “ಊಟಕ್ಕ ಏನೈತಿ?” ಅಂದರು.

ಬದನೆಕಾಯಿ ಪಲ್ಯ ಮಾಡಿದ್ದೆ. ಬಡಿಸಿದೆ. ಗೂಟ ಹೊಡೆದ ದಿನದಿಂದ ಅಷ್ಟೂ ದಿನ, ಬಾಗಿಲು ಯಾವ ಕಡೆಗೆ ಇಡಿಸಬೇಕು ಅಂತ ನಾನು ಅವರ ಮುಂದೆಯೇ ಹೇಳಿಕೊಳ್ಳುತ್ತಿದ್ದೆ. ಅವರು ‘ಹೂಂ, ನೋಡೂಣ’ ಅನ್ನುತ್ತಿದ್ದರು. ಅವರು ಸುಳ್ಳು ಹೇಳಿದ್ದು ಅಷ್ಟೇ, ಬರೀ ‘ಹೂಂ’. ಅದನ್ನು ನೆನೆದಾಗ ಬೀಜ ಉದುರಿಸಿದ್ದಕ್ಕಿಂತ ಅದೇ ಹೆಚ್ಚು ಚುಚ್ಚುತ್ತದೆ.

ಮರುದಿನ ಕೆಲಸದವಳು ಬರುವುದಿಲ್ಲ ಅಂದುಕೊಂಡಿದ್ದೆ. ಹೊತ್ತಿಗೆ ಸರಿಯಾಗಿ ಬಂದಳು, ಭಾಂಡೆ ತಿಕ್ಕಿದಳು. ಬೂದಿ ಹಚ್ಚಿ ತಿಕ್ಕುವಾಗ ಎಂದಿಗಿಂತ ಸಪ್ಪಳ ಕಡಿಮೆಯಿತ್ತು. ನಾನು ಹಿಂದೆ ಹೋಗಿ ನಿಂತು, ನನ್ನ ಗಂಡನ ಹೆಸರು ಎತ್ತಲಾರದೆ, ಬೀಜ ಉದುರಿಹೋದವಂತೆ ಅಂತ ಏನೇನೋ ತೊದಲಿದೆ. ಆಮೇಲೆ, ಅದಕ್ಕೆ ಪರಿಹಾರವೆಂಬಂತೆ, ನಮ್ಮ ಹಿತ್ತಲಿನ ಪಾಯಖಾನೆಯನ್ನು ನೀನೂ ನಿನ್ನ ಮಗಳೂ ಬಳಸಿಕೊಳ್ಳಿ, ಹಿಂದಿನ ಗೇಟಿನ ಕೀಲಿ ಕೊಡುತ್ತೇನೆ ಅಂದೆ. ಅದು ಆರು ವರ್ಷದಿಂದ ಅಲ್ಲೇ ಇತ್ತು. ಆ ಮಾತು ಬಾಯಿಗೆ ಬಂದದ್ದು ಆಗ.

ಅವಳು ತಟ್ಟೆ ತೊಳೆಯುತ್ತಲೇ ಹೇಳಿದಳು. “ನಮಗಿಬ್ಬರಿಗೆ ಅಂತ ನಾ ಕೇಳಿದ್ದಲ್ರಿ ಅಕ್ಕಾರ. ನೀವು ನಮ್ಮ ಬಾಗಿಲಿಗಿ ಬಂದು ಕೇಳಿದ್ರಿ. ಕೇಳಾಕತ್ತಾರಲಾ ಅಂತ ಅಷ್ಟ ಮಂದ್ಯಾಗ ಎದ್ದು ನಿಂತು ಹೇಳಿದೆ. ಕೇಳದಿದ್ರ ಹೆಂಗೋ ಇದ್ವಿ. ಈಗ ಓಣ್ಯಾಗ ನನ್ನ ನೋಡಿ ನಗತಾರ. ‘ಮೀಟಿಂಗಿನ್ಯಾಗ ಹೇಳಿದಾಕಿ’ ಅಂತಾರ. ನನ್ನ ಮಗಳ ಹೆಸರೂ ತಗದೆ ನಾ, ಅಷ್ಟ ಮಂದ್ಯಾಗ.”

ಆರತಿಯ ಸುದ್ದಿ ಅವಳು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ತಿಂಗಳು ತುಂಬಿದ ದಿನ, ಮುಂದಿನ ತಿಂಗಳಿಂದ ಬೇರೆ ಕಡೆ ಗೊತ್ತು ಮಾಡಿಕೊಂಡೇನಿ ಅಂತ ಹೇಳಿ, ಕೈ ಮುಗಿದು ಹೋದಳು.

ಗಾರ್ಡನ್ ಆಯಿತು. ಸುತ್ತ ತಂತಿ ಬೇಲಿ, ಹಗಲೆಲ್ಲ ಬೀಗ. ಕಾಕು ಬಂದು, “ನಡಿ, ಅಡ್ಡಾಡಿ ಬರೂಣ,” ಅಂತ ನಾಲ್ಕೈದು ಸಲ ಕರೆದರು. ಮೊಣಕಾಲು ನೋವು ಅಂದೆ. ಆಮೇಲೆ ಕರೆಯುವುದು ಬಿಟ್ಟರು. ಹಬ್ಬಕ್ಕೆ ಹೋಳಿಗೆ ಕಳಿಸುವುದು ಇಬ್ಬರೂ ಬಿಡಲಿಲ್ಲ.

ಮೂರು ನಾಲ್ಕು ವರ್ಷದ ಮೇಲೆ ವಾರ್ಡಿನಲ್ಲಿ ಇನ್ನೊಂದು ಅಂಥದೇ ಸಭೆ ಬಂತು. ಬೇರೆ ಮೆಂಬರು, ಬೇರೆ ಸಂಸ್ಥೆ. ಓಣಿಯವರನ್ನು ನೀವೇ ಕರೆತರಬೇಕು ಅಂತ ಯಾರೋ ನನ್ನನ್ನು ಹುಡುಕಿಕೊಂಡು ಬಂದರು. ಆಗುವುದಿಲ್ಲ ಅನ್ನಬೇಕಿತ್ತು. ಈ ಸಲ ಪುಸ್ತಕ ಹಿಡಿದು ಕೂತು ಪ್ರತಿಯೊಂದನ್ನೂ ಬರೆಯುತ್ತೇನೆ, ಹರಿದು ಹೋದದ್ದು ಹೊಲಿಯಬಹುದೇನೋ ಅನ್ನುವ ಆಸೆಯಿಂದ ಹೋದೆ.

ಅವಳು ಹೊರಗೆ, ಹೊಸ್ತಿಲ ಹತ್ತಿರ ಸ್ಟೋವ್ ಇಟ್ಟುಕೊಂಡು ಅನ್ನ ಬೇಯಿಸುತ್ತಿದ್ದಳು. ಮೊದಲು ರಂಗೋಲಿ ಹಾಕುತ್ತಿದ್ದ ಪಟ್ಟಿಯ ಮೇಲೆ ಈಗ ಡಬ್ಬಿ, ಗಂಗಾಳ, ಹಿಟ್ಟಿನ ಡಬರಿ. “ಬರ್ರಿ ಅಕ್ಕಾರ, ಕೂಡ್ರಿ,” ಅಂದು ಮಣೆ ಹಾಕಿದಳು. ತೆರೆದ ಬಾಗಿಲಿನಿಂದ ಒಳಗೆ ಕಂಡಿತು. ಅಡುಗೆಯ ಮೂಲೆಗೆ ಇಟ್ಟಂಗಿಯ ಗೋಡೆ ಎದ್ದಿತ್ತು, ಅದಕ್ಕೊಂದು ತಗಡಿನ ಬಾಗಿಲು. ಪಕ್ಕದ ಮನೆಯ ಹೆಂಗಸು ಚೊಂಬು ಹಿಡಿದು ಬಂದು, ಚಪ್ಪಲಿ ಬಿಟ್ಟು, ನಮ್ಮನ್ನು ದಾಟಿ ಒಳಗೆ ಹೋಗಿ ಆ ಬಾಗಿಲು ಹಾಕಿಕೊಂಡಳು. ಅವಳ ಹಿಂದೆ ಇನ್ನೊಬ್ಬಳು ಬಂದು ಸರದಿಗೆ ನಿಂತಳು. ನಾನು ಬೇರೆ ಕಡೆ ನೋಡಿದೆ.

“ಮಗಳ ಸಲುವಾಗ್ರಿ,” ಅಂದಳು, ನಾನು ಏನೂ ಕೇಳದಿದ್ದರೂ. “ಅಡಗಿ ಹೊರಗ ಆದ್ರೂ ನಡೀತೈತಿ.”

ಅನ್ನ ಇಳಿಸಿ ಚಹಾಕ್ಕಿಟ್ಟಳು. ಕಪ್ಪು ಒರೆಸಿ ಕೊಟ್ಟಳು. ನಾನು ಕುಡಿಯುತ್ತ, ಸಭೆಯೊಂದು ಇದೆ, ಈ ಸಲ ನಾನೇ ಬರೆದುಕೊಳ್ಳುತ್ತೇನೆ, ಅಂತ ಶುರು ಮಾಡಿದೆ. ಅವಳು ಸೆರಗು ಸರಿಮಾಡಿಕೊಂಡು ಬಹಳ ಮರ್ಯಾದೆಯಿಂದ ನನ್ನ ಮಾತು ತಡೆದಳು.

“ಕೇಳೂದೊಂದು ಬಿಟ್ಟು ಮತ್ತೇನರ ಇದ್ರ ಹೇಳ್ರಿ ಅಕ್ಕಾರ.”

ಮತ್ತೇನೂ ಇರಲಿಲ್ಲ. ಕಪ್ಪು ಖಾಲಿಯಾಗುವ ತನಕ ಕೂತಿದ್ದು ಎದ್ದು ಬಂದೆ.